ಅಟ್ಟವು ಕೋಣೆಯಾಗಲು ಎಷ್ಟು ಕಾಲ ಬೇಕು?

ಪ್ರಶ್ನೆ: ಇಳಿಜಾರು ಛಾವಣಿಯ ಕೆಳಗೆ ಖಾಲಿಯಿರುವ ಅಟ್ಟವನ್ನು ಮಲಗುವ ಕೋಣೆಯಾಗಿ ಮಾರ್ಪಡಿಸಲು ಎಷ್ಟು ಸಮಯ ಹಿಡಿಯುತ್ತದೆ?

ಉತ್ತರ: ಛಾವಣಿಯ ಆಕಾರವನ್ನು ಬದಲಿಸದೆ, ನೆಲವನ್ನು ಬಲಪಡಿಸಿ ಕಿಟಕಿ, ಮೆಟ್ಟಿಲುಗಳನ್ನಷ್ಟೇ ಕೂಡಿಸುವುದಾದರೆ ಕೆಲಸವು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಮುಗಿಯುತ್ತದೆ; ತಲೆ ತಾಗದಷ್ಟು ಎತ್ತರ ದೊರಕಿಸಲು ಛಾವಣಿಯ ಒಂದು ಭಾಗವನ್ನು ಬಿಚ್ಚಿ ಹೊರಚಾಚಿ ಕಟ್ಟಬೇಕಾದರೆ 8ರಿಂದ 10 ವಾರಗಳು, ಮಳೆ ಅಡ್ಡಬಂದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಗುತ್ತಿಗೆದಾರರು ಹೇಳುವ ಅವಧಿಯು ಬಹುಮಟ್ಟಿಗೆ ಕಟ್ಟುವ ಕೆಲಸಕ್ಕೆ ಮಾತ್ರ ಸಂಬಂಧಿಸಿರುತ್ತದೆ (ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ). ನಕ್ಷೆ, ಭಾರದ ಲೆಕ್ಕಾಚಾರ ಮತ್ತು ಪರವಾನಗಿಗಳಿಗೆ ಅದಕ್ಕೂ ಮೊದಲೇ ಕೆಲವು ತಿಂಗಳುಗಳು ಬೇಕಾಗಬಹುದು. ಅಟ್ಟದ ಹಳೆಯ ತೊಲೆಗಳು ಅನೇಕ ವೇಳೆ ಜನರ ಓಡಾಟದ ಭಾರವನ್ನು ತಾಳಲಾರವಾದ್ದರಿಂದ, ದಿನಾಂಕ ನಿಗದಿಪಡಿಸುವ ಮುನ್ನ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿಕೊಳ್ಳಿ.