ಕೋಶಗಳು ಒಟ್ಟಾಗಿ ಸಾಗುವಾಗ ಕೈನೇಸ್‌ಗಳ ಕೆಲಸವೇನು?

ಗಾಯ ಮುಚ್ಚುವಾಗ ಎಪಿಥೀಲಿಯಲ್ ಕೋಶಗಳ (ಚರ್ಮ, ಅಂಗಗಳ ಮೇಲ್ಮೈ ಹೊದಿಸುವ ಕೋಶಗಳು) ಹಾಳೆ ಇಡಿಯಾಗಿ ಒಂದೇ ದಿಕ್ಕಿಗೆ ಸರಿಯುವುದರ ಹಿಂದಿರುವ ಮುಖ್ಯ ಕೈನೇಸ್ (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಅವುಗಳ ಕೆಲಸ ಬದಲಿಸುವ ಕಿಣ್ವ) ಇಆರ್‌ಕೆ. ನಾಯಿಯ ಮೂತ್ರಪಿಂಡದ ಎಂಡಿಸಿಕೆ ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಕೋಶಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಅಂಚಿನ ಕೋಶ ಖಾಲಿ ಜಾಗದತ್ತ ಚಾಚಿದಾಗ ಹಿಂದಿನ ಕೋಶ ಹಿಗ್ಗುತ್ತದೆ. ಹಿಗ್ಗಿದಾಗ ಇಜಿಎಫ್ ಗ್ರಾಹಕ (ಬೆಳವಣಿಗೆಯ ಸಂಕೇತ ಹಿಡಿಯುವ, ಕೋಶದ ಹೊರಮೈಯ ಪ್ರೋಟೀನ್) ಚುರುಕಾಗಿ, ರಾಫ್ ಮತ್ತು ಮೆಕ್ ಎಂಬ ಕೈನೇಸ್‌ಗಳ ಮೂಲಕ ಇಆರ್‌ಕೆ ಸಕ್ರಿಯವಾಗುತ್ತದೆ. ಕೆಲವು ನಿಮಿಷಗಳಲ್ಲೇ ಆಕ್ಟಿನ್, ಮಯೋಸಿನ್ ಎಂಬ ಎಳೆತದ ಪ್ರೋಟೀನ್‌ಗಳು ಬಿಗಿದು ಆ ಕೋಶ ಕುಗ್ಗುತ್ತದೆ, ಕುಗ್ಗುತ್ತಾ ತನ್ನ ಹಿಂದಿನದನ್ನು ಎಳೆದು ಹಿಗ್ಗಿಸುತ್ತದೆ. ಅಂದರೆ ಇಆರ್‌ಕೆ ಅಲೆ ಅಂಚಿನಿಂದ ಒಳಕ್ಕೆ ಹೋಗುತ್ತದೆ, ಕೋಶಗಳು ಅದಕ್ಕೆ ಎದುರಾಗಿ ಅಂಚಿನತ್ತ ಸಾಗುತ್ತವೆ. ಹೊಸಬರು ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವುದು ಇದನ್ನೇ. ಎಳೆತ ದಾಟುವುದು ಕೋಶಗಳ ನಡುವಿನ ಬೆಸುಗೆಯಿಂದ. ಆ ಬೆಸುಗೆಯ ಪ್ರೋಟೀನ್ ಆದ ಆಲ್ಫಾ ಕೆಟೆನಿನ್ ತೆಗೆದರೆ ಅಲೆ ಮುಂದುವರಿಯದು.

ಪರೀಕ್ಷಿಸಬೇಕೆಂದರೆ, ಒತ್ತೊತ್ತಾಗಿ ಬೆಳೆದ ಹಾಳೆಯಲ್ಲಿ 200 ಮೈಕ್ರೋಲೀಟರ್ ಪಿಪೆಟ್ ತುದಿಯಿಂದ ಗೀರಿ, ತೇಲುವ ಕೋಶಗಳನ್ನು ತೊಳೆದು, ಒಂದು ಬಾವಿಗೆ (ಕೋಶ ಬೆಳೆಸುವ ತಟ್ಟೆಯ ಕುಳಿ) ಟ್ರಾಮೆಟಿನಿಬ್‌ನಂಥ ಮೆಕ್ ತಡೆ (ಮೆಕ್ ಕೆಲಸ ನಿಲ್ಲಿಸುವ ಔಷಧ), ಇನ್ನೊಂದಕ್ಕೆ ಆ ಔಷಧ ಕರಗಿಸುವ ದ್ರವವಾದ ಡಿಎಂಎಸ್‌ಒ ಅಷ್ಟೇ ಪ್ರಮಾಣದಲ್ಲಿ ಹಾಕಿ. ಡಿಎಂಎಸ್‌ಒ 0.1 ಶೇಕಡಾ ಮೀರದಿರಲಿ. ಮೆಕ್ ತಡೆ ಕೋಶ ವಿಭಜನೆಯನ್ನೂ ನಿಲ್ಲಿಸುವುದರಿಂದ, ವಿಭಜನೆ ನಿಲ್ಲಿಸುವ ಮೈಟೊಮೈಸಿನ್ ಸಿ ಕೊಟ್ಟ ಹೋಲಿಕೆಯ ಬಾವಿ ಇಲ್ಲದೆ ‘ಚಲನೆ ತಗ್ಗಿತು’ ಎನ್ನಲಾಗದು.

ವೆಸ್ಟರ್ನ್ ಬ್ಲಾಟ್ (ಕೋಶಗಳನ್ನು ಒಡೆದು ಅವುಗಳ ಪ್ರೋಟೀನ್ ಅಳೆಯುವ ವಿಧಾನ) ಒಂದನ್ನೇ ನಂಬಬೇಡಿ. ಅದು ಸಾವಿರಾರು ಕೋಶಗಳ ಸರಾಸರಿ ಕೊಡುತ್ತದೆ, ಅಲೆ ಅದರಲ್ಲಿ ಅಳಿಸಿಹೋಗುತ್ತದೆ. ಫ್ರೆಟ್ ಸಂವೇದಕವಿರುವ (ಇಆರ್‌ಕೆ ಚುರುಕಾದಾಗ ಹೊಳಪಿನ ಬಣ್ಣ ಬದಲಿಸುವ ಪ್ರೋಟೀನ್) ಜೀವಂತ ಕೋಶಗಳನ್ನು 5 ನಿಮಿಷಕ್ಕೊಮ್ಮೆ ಚಿತ್ರಿಸಿದರೆ ಅಲೆ ಕಣ್ಣಿಗೇ ಬೀಳುತ್ತದೆ.