ಎರಡು ಲಾಗಿನ್, ಒಬ್ಬರೇ ಮನುಷ್ಯರು

ಪ್ರಶ್ನೆ: ನಮ್ಮದು ಬಿಡಿಭಾಗ ಮಾಡುವ ಕಾರ್ಖಾನೆ. ಲೆಕ್ಕಪತ್ರ ಎಲ್ಲಾ ಎಸ್‌ಎಪಿ ಎಸ್/4 ಹಾನಾದಲ್ಲಿ, ಖರೀದಿ ಮಾತ್ರ ಬೇರೆ ಸಾಫ್ಟ್‌ವೇರ್‌ನಲ್ಲಿ. ಒಬ್ಬರ ಕೈಗೇ ಎರಡು ಕಡೆಯ ಅಧಿಕಾರ ಸೇರಿದೆಯಾ ಅಂತ ನೋಡಲು ಎಸ್‌ಎಪಿ ಜಿಆರ್‌ಸಿ ಎಂಬ ಟೂಲ್ ಹಾಕಿದ್ದೇವೆ. ಎಸ್‌ಎಪಿ ಒಂದಕ್ಕೇ ಓಡಿಸಿದರೆ ಸಾವಿರಾರು ರಿಸ್ಕ್ (ಒಬ್ಬರಲ್ಲೇ ಸೇರಬಾರದ ಅಧಿಕಾರಗಳು) ಬರುತ್ತವೆ. ಎರಡೂ ಸೇರಿಸಿ ಓಡಿಸಿದರೆ ಒಂದೂ ಬರಲ್ಲ. ಯಾವುದನ್ನು ನಂಬೋದು ಸರ್?
— ಓದುಗರು, ಪೀಣ್ಯ

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಆದರೆ ನನಗೆ ಜಾಸ್ತಿ ಭಯ ಆಗೋದು ಆ ಸೊನ್ನೆ ನೋಡಿ. ಸಾವಿರ ಬಂದರೆ ಯಾರಾದರೂ ಕೂತು ನೋಡುತ್ತಾರೆ, ಸೊನ್ನೆ ಬಂದರೆ ಫೈಲ್ ಮುಚ್ಚಿ ಮನೆಗೆ ಹೋಗುತ್ತಾರೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹೀಗೇ ಆಗಿತ್ತು. ಸೊನ್ನೆ ಬಂತಲ್ಲ ಅಂತ ಎಲ್ಲರೂ ನಿರಾಳವಾಗಿದ್ದೆವು. ಆಡಿಟರ್ ಬಂದವರು ಪರ್ಚೇಸ್ ವಿಭಾಗದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸ್ಕ್ರೀನ್ ತೆರೆಸಿದರು. ಒಂದರಲ್ಲಿ ಎಂಪ್ಲಾಯಿ ನಂಬರ್ ಹಾಕಿ ಲಾಗಿನ್, ಇನ್ನೊಂದರಲ್ಲಿ ಇಮೇಲ್ ಹಾಕಿ ಲಾಗಿನ್. ಖರೀದಿ ಸಾಫ್ಟ್‌ವೇರ್‌ನಲ್ಲಿ ಅವರು ಸಪ್ಲೈಯರ್‌ನ ಬ್ಯಾಂಕ್ ಖಾತೆ ನಂಬರ್ ಬದಲಿಸಬಹುದಿತ್ತು, ಅದು ರಾತ್ರಿ ಇಂಟರ್‌ಫೇಸ್‌ನಲ್ಲಿ ತಾನಾಗಿಯೇ ಎಸ್‌ಎಪಿಗೆ ಬಂದು ಕೂರುತ್ತಿತ್ತು, ಬೆಳಗ್ಗೆ ಅವರೇ ಎಸ್‌ಎಪಿಯಲ್ಲಿ ಎಫ್110 ಎಂಬ ಸ್ಕ್ರೀನ್ ತೆರೆದು ಪೇಮೆಂಟ್ ಓಡಿಸಬಹುದಿತ್ತು. ಅವರು ಒಳ್ಳೆಯವರು, ಏನೂ ಮಾಡಿರಲಿಲ್ಲ. ಆದರೆ ಬಾಗಿಲು ತೆರೆದೇ ಇತ್ತು. ನಮ್ಮ ಟೂಲ್ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ಮನುಷ್ಯರು!

ಹಾಗಾಗಿ ಮೊದಲು ಯೂಸರ್ ಐಡಿ ನೋಡಿ. ಎರಡೂ ಕಡೆ ಐಡಿ ಒಂದೇ ಇಲ್ಲದಿದ್ದರೆ ಮ್ಯಾಪಿಂಗ್ ಕೊಡಲೇಬೇಕು, ಅಂದರೆ ಎರಡೂ ಐಡಿ ಒಬ್ಬರದೇ ಅಂತ ಟೂಲ್‌ಗೆ ಹೇಳಬೇಕು. ಎಚ್‌ಆರ್ ಪಟ್ಟಿ ಇಟ್ಟುಕೊಂಡು ಎಂಪ್ಲಾಯಿ ನಂಬರ್‌ನ ಎದುರು ಎರಡೂ ಐಡಿ ಬರೆಯುತ್ತಾ ಬನ್ನಿ. ಬೇಜಾರಿನ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಕಾಂಟ್ರಾಕ್ಟ್ ನೌಕರರು ಎಚ್‌ಆರ್ ಪಟ್ಟಿಯಲ್ಲಿ ಇರುವುದಿಲ್ಲ, ಅವರನ್ನು ಮರೆಯಬೇಡಿ. ಇನ್ನು 'ಸ್ಟೋರ್1' ಅಂತ ಒಂದು ಐಡಿ, ಅದರ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿ, ಮೂರು ಶಿಫ್ಟಿನವರೂ ಅದನ್ನೇ ಬಳಸೋದು ಇರುತ್ತಲ್ಲ, ಅದನ್ನು ಮೊದಲು ನಿಲ್ಲಿಸಿ. ಅದು ಯಾರು ಅಂತ ಯಾವ ಟೂಲೂ ಹೇಳಲಾರದು.

ಆಮೇಲೆ ಸೆಟ್ಟಿಂಗ್. ಎರಡೂ ಕನೆಕ್ಟರ್‌ಗಳನ್ನು (ಟೂಲನ್ನು ಒಂದೊಂದು ಸಿಸ್ಟಮ್‌ಗೆ ಸೇರಿಸುವ ಕೊಂಡಿ) ಒಂದು ಕನೆಕ್ಟರ್ ಗ್ರೂಪ್‌ಗೆ ಹಾಕಿ, ಅದರ ಗ್ರೂಪ್ ಟೈಪ್ ಕ್ರಾಸ್ ಸಿಸ್ಟಮ್ ಅಂತ ಇರಬೇಕು. ಫಂಕ್ಷನ್ (ಒಂದು ಕೆಲಸಕ್ಕೆ ಬೇಕಾದ ಅಧಿಕಾರಗಳ ಗುಂಪು) ಒಳಗೆ ಅನಾಲಿಸಿಸ್ ಸ್ಕೋಪ್ ಅಂತ ಒಂದು ಜಾಗ ಇದೆ, ಬಹಳ ಜನ ಎಡವುವುದು ಅಲ್ಲೇ. ಅದು ಸಿಂಗಲ್ ಸಿಸ್ಟಮ್ ಅಂತ ಉಳಿದಿದ್ದರೆ, ಉಳಿದದ್ದೆಲ್ಲ ಸರಿ ಇದ್ದರೂ ಎರಡು ಕಡೆಯದನ್ನು ಅದು ಸೇರಿಸಿ ನೋಡುವುದೇ ಇಲ್ಲ. ಬದಲಿಸಿದ ಮೇಲೆ ರೂಲ್ (ಯಾವ ಅಧಿಕಾರಗಳು ಒಬ್ಬರಲ್ಲೇ ಸೇರಬಾರದು ಎಂಬ ನಿಯಮ) ಮತ್ತೆ ಜನರೇಟ್ ಮಾಡಿ. ಸಿಂಕ್ ಕೆಲಸಗಳನ್ನು (ಸಿಸ್ಟಮ್‌ಗಳ ವಿವರವನ್ನು ಟೂಲ್‌ಗೆ ತರುವುದು) ಸಾಲಾಗಿ ಓಡಿಸಿ, ಮೊದಲು ಆಥರೈಸೇಶನ್ ಸಿಂಕ್, ನಂತರ ರೆಪಾಸಿಟರಿ ಸಿಂಕ್. ನಿಮ್ಮ ಖರೀದಿ ಸಾಫ್ಟ್‌ವೇರ್‌ಗೆ ನೇರ ಕನೆಕ್ಷನ್ ಇಲ್ಲದಿದ್ದರೆ ಯೂಸರ್, ರೋಲ್, ಅಧಿಕಾರಗಳ ವಿವರವನ್ನು ಫೈಲ್ ಮಾಡಿ ಹಾಕಬಹುದು, ಆದರೆ ಹಳೇ ಫೈಲ್ ಹಾಕಿದರೆ ಹಳೇ ಉತ್ತರವೇ ಬರುತ್ತದೆ.

ಎಲ್ಲಾ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಕ್ವಾಲಿಟಿ ಸಿಸ್ಟಮ್‌ನಲ್ಲಿ (ಪರೀಕ್ಷೆಗೆಂದೇ ಇಟ್ಟ ಪ್ರತಿ) ಬೇಕಂತಲೇ ಒಬ್ಬ ತಪ್ಪು ಯೂಸರ್ ಮಾಡಿ. ಖರೀದಿ ಕಡೆ ಸಪ್ಲೈಯರ್ ಖಾತೆ ಬದಲಿಸುವ ಅಧಿಕಾರ, ಎಸ್‌ಎಪಿ ಕಡೆ ಎಫ್110, ಐಡಿ ಮಾತ್ರ ಬೇರೆ ಬೇರೆ. ಟೂಲ್ ಅವನನ್ನು ಹಿಡಿದರೆ ಸರಿ. ಹಿಡಿಯದಿದ್ದರೆ ನಿಮ್ಮ ಸೊನ್ನೆಗೆ ಬೆಲೆ ಇಲ್ಲ.

ಇನ್ನು ಆ ಸಾವಿರದ ಕಥೆ. ಬಹುಶಃ ನೀವು ಆಕ್ಷನ್ ಮಟ್ಟದಲ್ಲಿ ಓಡಿಸುತ್ತಿದ್ದೀರಿ, ಅಂದರೆ ಟಿ-ಕೋಡ್ (ಎಫ್110 ತರಹ, ಎಸ್‌ಎಪಿಯಲ್ಲಿ ಒಂದು ಕೆಲಸ ತೆರೆಯುವ ಸಂಕೇತ) ಇದೆಯಾ ಇಲ್ಲವಾ ಅಷ್ಟೇ. ಎಸ್/4 ಹಾನಾದಲ್ಲಿ ಸಪ್ಲೈಯರ್ ಸೇರಿಸೋದು, ತಿದ್ದೋದು, ಸುಮ್ನೆ ನೋಡೋದು ಎಲ್ಲಾ ಬಿಪಿ ಎಂಬ ಒಂದೇ ಟಿ-ಕೋಡ್‌ನಲ್ಲಿ. ಹಾಗಾಗಿ ವಿಳಾಸ ನೋಡುವವರೂ ರಿಸ್ಕ್ ಪಟ್ಟಿಗೆ ಬೀಳುತ್ತಾರೆ. ಪರ್ಮಿಷನ್ ಮಟ್ಟದಲ್ಲಿ ಓಡಿಸಿ, ಒಳಗೆ ಏನು ಮಾಡಬಹುದು ಅಂತಲೂ ಆಗ ನೋಡುತ್ತದೆ. ಆಕ್ಟಿವಿಟಿ 01 ಸೇರಿಸೋದು, 02 ತಿದ್ದೋದು, 03 ನೋಡೋದು. ರೂಲ್‌ನಲ್ಲಿ 01, 02 ಮಾತ್ರ ಇರಲಿ, 03 ಮಾತ್ರ ಇದ್ದವರನ್ನು ಬಿಟ್ಟುಬಿಡಿ. ಪಟ್ಟಿ ಚೆನ್ನಾಗಿ ಇಳಿಯುತ್ತದೆ. ಉಳಿದದ್ದರಲ್ಲಿ ಮೊದಲು ಅಧಿಕಾರ ತೆಗೆಯಲು ಆಗುತ್ತಾ ನೋಡಿ. ಎಲ್ಲದಕ್ಕೂ ಮಿಟಿಗೇಶನ್ (ಅಧಿಕಾರ ಹಾಗೇ ಬಿಟ್ಟು ಮೇಲೊಬ್ಬರು ನಿಗಾ ಇಡುವುದು) ಬರೆದು ಮ್ಯಾನೇಜರ್ ಹೆಸರು ಹಾಕಿ ಮುಗಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಆ ಮ್ಯಾನೇಜರ್ ಪ್ರತಿ ತಿಂಗಳು ರಿಪೋರ್ಟ್ ತೆರೆದು ನೋಡುತ್ತಾರಾ? ನೋಡಲ್ಲ ಅಂದರೆ ಅದು ಕಂಟ್ರೋಲ್ ಅಲ್ಲ, ಕಾಗದ.

ಪ್ರಶ್ನೆ: ನಮ್ಮ ಅಂಗಡಿಯಲ್ಲಿ ಆಫೀಸಿಗೆ ಇಬ್ಬರೇ ಇರೋದು. ಟ್ಯಾಲಿ ಮತ್ತು ನೆಟ್ ಬ್ಯಾಂಕಿಂಗ್, ಅಷ್ಟೇ. ನಮಗೂ ಇದೆಲ್ಲ ಬೇಕಾ?
— ಓದುಗರು, ದಾವಣಗೆರೆ

ಉತ್ತರ: ಟೂಲ್ ಬೇಡ, ವಿಚಾರ ಬೇಕು. ನಿಮಗೂ ಇರುವುದು ಎರಡು ಸಿಸ್ಟಮ್‌ಗಳೇ ಅಲ್ವಾ? ಬ್ಯಾಂಕಿನಲ್ಲಿ ಮೇಕರ್ (ಪೇಮೆಂಟ್ ಹಾಕುವವರು), ಚೆಕರ್ (ಅದನ್ನು ಒಪ್ಪುವವರು) ಅಂತ ಎರಡು ಲಾಗಿನ್ ಕೇಳಿ ಪಡೆಯಿರಿ. ಟ್ಯಾಲಿಯಲ್ಲಿ ಎಂಟ್ರಿ ಮಾಡುವವರು ಮೇಕರ್ ಆಗಿರಲಿ, ಚೆಕರ್ ಲಾಗಿನ್ ನಿಮ್ಮ ಫೋನಿನಲ್ಲೇ ಇರಲಿ, ಓಟಿಪಿ ಫೋನ್ ಮಾಡಿ ಹೇಳುವುದು ಬೇಡ. ನಿಮ್ಮದು ಕಂಪನಿಯಾಗಿ ನೋಂದಣಿ ಆಗಿದ್ದರೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು, ಅದಕ್ಕೆ ಟ್ಯಾಲಿಪ್ರೈಮ್‌ನಲ್ಲಿ ಎಡಿಟ್ ಲಾಗ್ ಇದೆ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ನೀವೇ ಇಳಿಸಿಕೊಳ್ಳಿ, ಅಕೌಂಟೆಂಟ್ ಪ್ರಿಂಟ್ ತೆಗೆದು ಕೊಟ್ಟದ್ದು ಸಾಲದು.