ಕೋವಿಡ್ ಬೆಳೆ ಪರಿಹಾರ: ಪಟ್ಟಿ ಕೇಳುವುದು ಹೇಗೆ?

ಪ್ರಶ್ನೆ: 2021ರ ಲಾಕ್‌ಡೌನ್‌ನಲ್ಲಿ ಒಂದು ಎಕರೆ ಸೇವಂತಿಗೆ ಗಿಡದಲ್ಲೇ ಒಣಗಿತು. ಪಕ್ಕದ ಹೊಲದವರಿಗೆ ಪರಿಹಾರ ಬಂತು, ನಮಗಿಲ್ಲ. ಕೇಳಿದರೆ ‘ಪಟ್ಟಿ ಬೆಂಗಳೂರಿನಿಂದ ಬಂದದ್ದು’ ಅಂತಾರೆ. ಆ ಪಟ್ಟಿ ನಾವು ನೋಡಬಹುದೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಕೇಳುವ ಹಕ್ಕು ನಿಮಗಿದೆ. ಮೊದಲು ಮೊತ್ತ ತಿಳಿದಿರಲಿ. ಹೂವಿಗೆ 2020ರಲ್ಲಿ ಹೆಕ್ಟೇರಿಗೆ ₹25,000, 2021ರಲ್ಲಿ ₹10,000 ಘೋಷಣೆಯಾಗಿತ್ತು; ಮಿತಿ ಒಂದು ಹೆಕ್ಟೇರ್. ನಿಮ್ಮ ಎಕರೆಗೆ 2021ರ ದರದಲ್ಲಿ ಸುಮಾರು ₹4,000 ಆಗುತ್ತದೆ.

ಫಲಾನುಭವಿಗಳನ್ನು ಗುರುತಿಸಲು ಬೆಳೆ ಸಮೀಕ್ಷೆಯನ್ನೇ ಆಧಾರ ಮಾಡಿಕೊಂಡರು. ಎಡವಟ್ಟು ಹೆಚ್ಚಾಗಿ ಆಗುವುದು ಅಲ್ಲೇ. ಸಮೀಕ್ಷೆಗೆ ಬಂದವರು ಬದುವಿನಲ್ಲೇ ನಿಂತು ಫೋಟೊ ಹೊಡೆದು ‘ರಾಗಿ’ ಎಂದು ಬರೆದುಕೊಂಡಿದ್ದರೆ, ಅಥವಾ ಮಿಶ್ರ ಬೆಳೆಯ ಹೂವನ್ನು ಬಿಟ್ಟಿದ್ದರೆ, ನಿಮ್ಮ ಸರ್ವೆ ನಂಬರ್ ಪಟ್ಟಿಗೇ ಬರುವುದಿಲ್ಲ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ವರ್ಷ, ಹಂಗಾಮು, ಗ್ರಾಮ, ಸರ್ವೆ ನಂಬರ್ ಹಾಕಿ ನೋಡಿ. ಅಲ್ಲಿ ಸೇವಂತಿಗೆಯೇ ದಾಖಲಾಗಿದ್ದರೆ ತೊಡಕು ಬ್ಯಾಂಕಿನಲ್ಲಿರಬಹುದು. ನೇರ ವರ್ಗಾವಣೆಯ ಹಣ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಮರೆತುಬಿಟ್ಟ ಹಳೇ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಮಾಡಿಸಿ.

ಇಷ್ಟಾದ ಮೇಲೆ ಮಾಹಿತಿ ಹಕ್ಕು ಅರ್ಜಿ. ನಮೂನೆ ‘ಎ’ ತುಂಬಿ, ₹10ರ ಪೋಸ್ಟಲ್ ಆರ್ಡರ್ ಲಗತ್ತಿಸಿ, ತಾಲ್ಲೂಕು ತೋಟಗಾರಿಕೆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ; ಸ್ವೀಕೃತಿ ಪಡೆಯದೆ ಬರಬೇಡಿ. ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ‘ನನಗೇಕೆ ಬರಲಿಲ್ಲ’ ಎಂದು ಬರೆದರೆ ಅದು ಅಹವಾಲು, ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ದಾಖಲೆಯನ್ನೇ ಕೇಳಿ: ‘2021ರ ಕೋವಿಡ್ ಹೂವಿನ ಪರಿಹಾರದಡಿ ___ ಗ್ರಾಮದ ಫಲಾನುಭವಿಗಳ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಪಾವತಿಸಿದ ಮೊತ್ತ, ದಿನಾಂಕ, ತಿರಸ್ಕೃತ ಹಾಗೂ ಪಾವತಿ ವಿಫಲವಾದ ಪಟ್ಟಿ, ಕಾರಣ ಸಹಿತ.’ ಈ ಕೊನೆಯ ಸಾಲನ್ನು ಜನ ಮರೆಯುತ್ತಾರೆ. ಉತ್ತರ ಇರುವುದು ಮಾತ್ರ ಅದರಲ್ಲೇ.

ಪಟ್ಟಿ ನಿಜಕ್ಕೂ ಬೆಂಗಳೂರಿನಲ್ಲಿದ್ದರೆ ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ಕಳಿಸಬೇಕಾದವರು ಅವರೇ, ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರಂತೆ. ನೀವು ಅಲೆಯಬೇಕಿಲ್ಲ.

ಪ್ರಶ್ನೆ: ಮೆಕ್ಕೆಜೋಳದ ₹5,000 ಪರಿಹಾರದ ಪಟ್ಟಿ ಕೇಳಿದ್ದಕ್ಕೆ ‘ವೈಯಕ್ತಿಕ ಮಾಹಿತಿ’ ಎಂದು ಹಿಂಬರಹ ಕೊಟ್ಟಿದ್ದಾರೆ. ಮುಂದೇನು?
– ಓದುಗರು, ಹಾವೇರಿ

ಉತ್ತರ: ಅವರು ಹಿಡಿದಿರುವುದು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ, ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ). 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಆ ಕಲಮನ್ನು ಇನ್ನಷ್ಟು ಬಿಗಿ ಮಾಡಿದೆ, ನಮ್ಮ ಪ್ರಕಾರ ಅನಗತ್ಯವಾಗಿ. ಆದರೂ ದಾರಿ ಮುಚ್ಚಿಲ್ಲ. ಸಹಾಯಧನ ಯೋಜನೆಗಳ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ ಕಲಂ 4(1)(ಬಿ). ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿಯನ್ನು ಮೀರಿಯೂ ಮಾಹಿತಿ ಕೊಡಬಹುದು ಎಂಬ 8(2) ಹಾಗೇ ಇದೆ. ಮೇಲ್ಮನವಿಯಲ್ಲಿ ಎರಡನ್ನೂ ನಮೂದಿಸಿ. ಆಧಾರ್, ಫೋನ್, ಬ್ಯಾಂಕ್ ಖಾತೆ ಸಂಖ್ಯೆ ಬೇಡವೆಂದು ನೀವೇ ಬರೆದುಬಿಡಿ. ಅದು ನಿಮಗೆ ಬೇಕಾಗಿಯೂ ಇಲ್ಲ, ನಿರಾಕರಣೆಗೆ ನೆಪ ಮಾತ್ರ ಆಗುತ್ತದೆ.

ಹಿಂಬರಹ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಹಿಂಬರಹದ ಲಕೋಟೆಯನ್ನು ಎಸೆಯಬೇಡಿ, ಗಡುವಿನ ಲೆಕ್ಕಕ್ಕೆ ಅಂಚೆ ಮುದ್ರೆ ಬೇಕಾಗುತ್ತದೆ.